ತೋತಾಪುರಿ ಮಾವಿನ ಪೈ: ಕಣಕ, ಹೂರಣ ಮತ್ತು ನೀರಿನ ಲೆಕ್ಕ

ಕಣಕದ ಎರಡು ಹಾಳೆಗಳ ನಡುವೆ ಹಣ್ಣಿನ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ಪೈ ಸೇಬಿನದೇ ಆಗಬೇಕೆಂಬ ನಿಯಮವೇನೂ ಇಲ್ಲ. ಬೆಂಗಳೂರಿನ ನನ್ನ ಅಡುಗೆಮನೆಯಲ್ಲಿ ಮೇ ಕೊನೆಯಿಂದ ಜುಲೈವರೆಗೆ ಪೈ ಆಗುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯಿಂದ ಬರುವ ತೋತಾಪುರಿ ಮಾವಿನಿಂದ. ಬಾದಾಮಿ, ರಸಪುರಿಗಳ ರುಚಿಯ ಬಗ್ಗೆ ತಕರಾರಿಲ್ಲ. ಆದರೆ ಅವನ್ನು ಓವನ್ನಿಗೆ ಇಟ್ಟರೆ ಒಳಗೆ ಸೀಕರಣೆಯಷ್ಟೇ ಉಳಿಯುತ್ತದೆ. ತೋತಾಪುರಿಯ ತಿರುಳು ಗಟ್ಟಿ, ಜೊತೆಗೆ ಹುಳಿಯೂ ಇದೆ. ಸಿಪ್ಪೆ ಹಳದಿಗೆ ತಿರುಗಿದ್ದರೂ ಒತ್ತಿದಾಗ ಬೆರಳು ಇಳಿಯದಂತಹ, ದೋರೆಗಾಯಿಗಿಂತ ಸ್ವಲ್ಪವೇ ಮುಂದಿನ ಹಂತದ ಹಣ್ಣನ್ನು ನಾನು ಆರಿಸಿಕೊಳ್ಳುತ್ತೇನೆ.

ಒಂಬತ್ತು ಇಂಚಿನ ತಟ್ಟೆಗೆ, ಕೆಳಗಿನ ಮತ್ತು ಮೇಲಿನ ಹಾಳೆ ಎರಡಕ್ಕೂ ಸೇರಿ, 300 ಗ್ರಾಂ ಮೈದಾ, 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಅರ್ಧ ಚಮಚ ಉಪ್ಪು, 80ರಿಂದ 100 ಮಿಲಿ ಐಸ್ ನೀರು ಬೇಕು. ಬೆಣ್ಣೆಯಲ್ಲಿ ಸುಮಾರು ಶೇ. 16ರಷ್ಟು ನೀರಿರುತ್ತದೆ, ಓವನ್ನಿನ ಬಿಸಿಗೆ ಅದು ಹಬೆಯಾಗಿ ಮೈದಾದ ಪದರಗಳನ್ನು ಎತ್ತಿ ಬಿಡಿಸುವುದರಿಂದಲೇ ಪೈ ಗರಿಗರಿಯಾಗುತ್ತದೆ. ಬೆಣ್ಣೆ ಕೈಯಲ್ಲೇ ಕರಗಿ ಹಿಟ್ಟಿನಲ್ಲಿ ಬೆರೆತುಹೋದರೆ ಎತ್ತುವುದಕ್ಕೆ ಪದರವೇ ಉಳಿದಿರುವುದಿಲ್ಲ. ಮಾವಿನ ಕಾಲವೆಂದರೆ ಸೆಖೆಯ ಕಾಲವೂ ಹೌದಾದ್ದರಿಂದ ಕಣಕದ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸುತ್ತೇನೆ. ಬೆಣ್ಣೆಯನ್ನು ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿ, ಕ್ಯಾರೆಟ್ ತುರಿಯುವ ತುರಿಮಣೆಯ ದೊಡ್ಡ ರಂಧ್ರಗಳಲ್ಲಿ ಮೈದಾದ ಮೇಲೇ ತುರಿದು, ಬೆರಳ ತುದಿಯಲ್ಲಷ್ಟೇ ಬೆರೆಸುತ್ತೇನೆ. ನೀರನ್ನು ಒಂದೊಂದೇ ಚಮಚ ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದಾಗ ಕೂಡಿಕೊಂಡು, ಅಂಚಿನಲ್ಲಿ ಇನ್ನೂ ಸ್ವಲ್ಪ ಬಿರುಕು ಬಿಡುವಂತಿದ್ದರೆ ಅಲ್ಲಿಗೆ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಬಲಿತು, ಬೇಯುವಾಗ ಹಾಳೆ ಕುಗ್ಗಿ ತಟ್ಟೆಯ ಅಂಚಿನಿಂದ ಜಾರುತ್ತದೆ. ಎರಡು ಚಪ್ಪಟೆ ಬಿಲ್ಲೆ ಮಾಡಿ ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು, ಲಟ್ಟಿಸುವಾಗ ಹಾಳೆಯಲ್ಲಿ ಬೆಣ್ಣೆಯ ಹಳದಿ ಗೆರೆಗಳು ಅಲ್ಲಲ್ಲಿ ಕಾಣುತ್ತಿದ್ದರೆ ಕಣಕ ಸರಿಯಾಗಿದೆ ಎಂದೇ ಅರ್ಥ.

ಹೂರಣಕ್ಕೆ ಒಂದು ಕಿಲೋ ಮಾವಿನ ಹೋಳುಗಳಿಗೆ 120 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡುತ್ತೇನೆ. ಆಗ ಬಿಟ್ಟುಕೊಂಡ ರಸವನ್ನು ಸೋಸಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿದ ಮೇಲೆ ಮೂರು ಚಮಚ ಕಾರ್ನ್‌ಫ್ಲೋರ್ ಕದಡಿ, ಮತ್ತೆ ಹೋಳುಗಳಿಗೇ ಸೇರಿಸುತ್ತೇನೆ. ಕೆಳಗಿನ ಹಾಳೆ ನೆನೆದು ಹಸಿಯಾಗಿಯೇ ಉಳಿಯುವುದಕ್ಕೆ ಈ ರಸವೇ ಮುಖ್ಯ ಕಾರಣವಾದ್ದರಿಂದ ಈ ಹಂತವನ್ನು ಯಾವ ಅವಸರಕ್ಕೂ ಬಿಡಬಾರದು. ಏಲಕ್ಕಿ ಹಾಕುವವರುಂಟು, ನನಗದು ಹೋಳಿಗೆಗೇ ಚೆನ್ನ, ಇಲ್ಲಿ ಮಾವಿನ ವಾಸನೆಯನ್ನು ಮುಚ್ಚುತ್ತದೆ.

ಮನೆಯ ಒಟಿಜಿ ಎಂಬ ಸಣ್ಣ ವಿದ್ಯುತ್ ಓವನ್ನುಗಳ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ಉಷ್ಣತೆಗೂ ಎಷ್ಟೋ ವೇಳೆ ವ್ಯತ್ಯಾಸವಿರುತ್ತದೆ. ಒಳಗಿಡುವ ಸಣ್ಣ ಥರ್ಮಾಮೀಟರಿಗೆ ಖರ್ಚು ಮಾಡುವುದು ದಂಡವಲ್ಲ. ಕೆಳಗಿನ ಹಂತದಲ್ಲಿ ಒಂದು ಟ್ರೇಯನ್ನು ಮೊದಲೇ ಕಾಯಿಸಿ ಅದರ ಮೇಲೆ ಪೈ ಇಟ್ಟರೆ ತಳಕ್ಕೆ ಬಿಸಿ ಬೇಗ ತಾಗುತ್ತದೆ. ಹಬೆ ಹೋಗಲೆಂದು ಮೇಲಿನ ಹಾಳೆಯಲ್ಲಿ ನಾಲ್ಕೈದು ಸೀಳು ಕೊಡುತ್ತೇನೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನದವರಿರುವುದರಿಂದ ಮೇಲೆ ಹಾಲನ್ನೇ ಸವರುತ್ತೇನೆ. ಹೊಳಪು ಸ್ವಲ್ಪ ಕಡಿಮೆ, ಬಣ್ಣಕ್ಕೇನೂ ಕೊರತೆಯಿಲ್ಲ. ಮೊದಲ 20 ನಿಮಿಷ 220 ಡಿಗ್ರಿ ಸೆಲ್ಸಿಯಸ್, ಆಮೇಲೆ 180ರಲ್ಲಿ 35ರಿಂದ 40 ನಿಮಿಷ. ಬಣ್ಣ ನೋಡಿ ಹೊರತೆಗೆಯುವ ಬದಲು ನಡುವಿನ ಸೀಳಿನಲ್ಲಿ ರಸ ನಿಧಾನವಾಗಿ, ದಪ್ಪ ಗುಳ್ಳೆಗಳಾಗಿ ಕುದಿಯುವುದನ್ನು ಕಾಯಬೇಕು, ಏಕೆಂದರೆ ಕಾರ್ನ್‌ಫ್ಲೋರ್ ಪೂರ್ತಿ ಬಿಗಿಯುವುದು ಕುದಿಯ ಹತ್ತಿರದ ಬಿಸಿಯಲ್ಲಿ. ಕನಿಷ್ಠ ಮೂರು ಗಂಟೆ ಆರಲು ಬಿಡದೆ ಕತ್ತರಿಸಿದರೆ ಹೂರಣ ಹರಿದುಹೋಗುತ್ತದೆ. ಮಕ್ಕಳಿಗೆ ಇದನ್ನು ಒಪ್ಪಿಸುವುದು ಮಾತ್ರ ಸುಲಭವಲ್ಲ.

ಪೈಯನ್ನೇ ಹೋಲುವ ಟಾರ್ಟಿನಲ್ಲಿ ಮೇಲಿನ ಹಾಳೆಯಿಲ್ಲ, ಹಣ್ಣನ್ನು ಹಸಿಯಾಗಿಯೇ ಜೋಡಿಸುವುದೂ ಉಂಟು. ಆದ್ದರಿಂದ ಕಣಕವನ್ನು ಮೊದಲೇ ಪೂರ್ತಿ ಬೇಯಿಸಿಕೊಳ್ಳಬೇಕು. ಹಾಳೆಯ ಮೇಲೆ ಬೆಣ್ಣೆ ಕಾಗದ ಹಾಸಿ, ಉಬ್ಬದಂತೆ ಒಣ ಕಡಲೆಕಾಳು ತುಂಬಿ 180 ಡಿಗ್ರಿಯಲ್ಲಿ 15 ನಿಮಿಷ, ಕಾಳು ತೆಗೆದು ಇನ್ನೊಂದು ಹತ್ತು ನಿಮಿಷ ಬೇಯಿಸುತ್ತೇನೆ. ಆ ಕಾಳು ಅಡುಗೆಗೆ ಬಾರದು, ಡಬ್ಬಿಯಲ್ಲಿಟ್ಟು ಮುಂದಿನ ಟಾರ್ಟಿಗೆ ಬಳಸಬಹುದು. ಆರಿದ ಕಣಕದ ಒಳಮೈಗೆ ಕರಗಿಸಿದ ಬಿಳಿ ಚಾಕೊಲೇಟನ್ನು ತೆಳ್ಳಗೆ ಸವರಿದರೆ, ಹಣ್ಣಿನ ಕೆಳಗೆ ತುಂಬುವ ಕಸ್ಟರ್ಡ್‌ನ ತೇವ ಕೆಳಗಿಳಿಯುವುದಿಲ್ಲ. ಅನಾನಸನ್ನು ಮಾತ್ರ ಸಕ್ಕರೆಯಲ್ಲಿ ಕುದಿಸಿಯೇ ಹಾಕಬೇಕು. ಹಸಿಯದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಕಸ್ಟರ್ಡನ್ನು ಕಹಿಯಾಗಿಸುತ್ತದೆ. ಸ್ಟ್ರಾಬೆರಿಯಾದರೆ ಬಡಿಸುವುದಕ್ಕೆ ಒಂದು ಗಂಟೆ ಮೊದಲು ಜೋಡಿಸಿದರೆ ಸಾಕು.