ಟ್ವಿನ್ ಸ್ಕ್ರೂ ಇಲ್ಲದೆ ಎಸ್‌ಇಬಿಎಸ್ ಕಂಪೌಂಡ್: ಬೈಕಂಪಾಡಿಯಲ್ಲಿ ನನ್ನ ಅನುಭವ

ಎಸ್‌ಇಬಿಎಸ್ ಎಂದರೆ ಸ್ಟೈರೀನ್-ಎಥಿಲೀನ್-ಬ್ಯುಟಿಲೀನ್-ಸ್ಟೈರೀನ್, ಅಂದರೆ ಎರಡು ತುದಿಗಳಲ್ಲಿ ಗಟ್ಟಿ ಪಾಲಿಸ್ಟೈರೀನ್, ಮಧ್ಯದಲ್ಲಿ ರಬ್ಬರಿನಂಥ ಭಾಗವಿರುವ ಪಾಲಿಮರ್. ಅದಕ್ಕೆ ಎಣ್ಣೆ, ಪಾಲಿಪ್ರೊಪಿಲೀನ್ ಮುಂತಾದವನ್ನು ಬೆರೆಸಿ ಮೋಲ್ಡಿಂಗಿಗೆ ಕಾಳು ಮಾಡಿದರೆ ಅದು ಕಂಪೌಂಡ್. ಆ ಕಂಪೌಂಡ್ ತೆಗೆಯಬೇಕಾದರೆ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ (ಬಿಸಿ ಬ್ಯಾರೆಲ್ಲಿನೊಳಗೆ ಎರಡು ಸ್ಕ್ರೂಗಳು ತಿರುಗಿ ಕರಗಿಸಿ ಬೆರೆಸುವ ಯಂತ್ರ) ಇಲ್ಲದೆ ಸಾಧ್ಯವೇ ಇಲ್ಲ ಎಂಬ ಮಾತನ್ನು ಈ ಕಸುಬಿನಲ್ಲಿರುವ ನೀವೆಲ್ಲರೂ ಕೇಳಿರುತ್ತೀರಿ. ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯ ನನ್ನ ಸಣ್ಣ ಘಟಕದಲ್ಲಿ, ಪಿವಿಸಿ ಗ್ರಾನ್ಯೂಲ್ಸ್‌ಗೆಂದು ಹಿಂದೆ ಹಾಕಿಸಿದ್ದ 65 ಮಿ.ಮೀ. ಸಿಂಗಲ್ ಸ್ಕ್ರೂ ಯಂತ್ರದಿಂದಲೇ ಈಗ ಶೋರ್ ಎ (ರಬ್ಬರಿನಂಥ ವಸ್ತುಗಳ ಗಡಸುತನದ ಅಳತೆ) 35ರಿಂದ 70ರವರೆಗಿನ ಎಸ್‌ಇಬಿಎಸ್ ಕಂಪೌಂಡ್ ವಾರವಾರವೂ ಹೊರಬೀಳುತ್ತಿದೆ. ಊರುಗೋಲು ಮತ್ತು ವಾಕರ್‌ಗಳ ತುದಿಯ ಬುಷ್ ಮಾಡುವವರು, ಪಾಲಿಪ್ರೊಪಿಲೀನ್ ಹಿಡಿಕೆಗಳ ಮೇಲೆ ಮೆತ್ತನೆಯ ಪದರ ಮೋಲ್ಡ್ ಮಾಡುವವರು, ಕಿಟಕಿಯ ಗ್ಯಾಸ್ಕೆಟ್ ಎಳೆಯುವವರು ಅದನ್ನು ಕೊಳ್ಳುತ್ತಿದ್ದಾರೆ. "ಇದು ಆಗುವ ಕೆಲಸ ಅಲ್ಲ ಮಾರಾಯ್ರೇ, ಸುಮ್ಮನೆ ಮೆಟೀರಿಯಲ್ ಹಾಳು ಮಾಡಬೇಡಿ" ಎಂದು ಆರಂಭದಲ್ಲಿ ಎಚ್ಚರಿಸಿದ್ದ ಹಿರಿಯರೊಬ್ಬರು ಕಳೆದ ದೀಪಾವಳಿಯ ಹೊತ್ತಿಗೆ ನಮ್ಮಿಂದಲೇ ಸುಮಾರು ಒಂದು ಟನ್ ತರಿಸಿಕೊಂಡರು. ಆ ಬಿಲ್ ಬರೆದಾಗ ನನಗಾದ ಸಂತೋಷವನ್ನು ಮರೆಮಾಚಬೇಕಾದ ಕಾರಣವಿಲ್ಲ.

ಮೊದಲು ಹಣದ ವಿಚಾರ. ಸೈಡ್ ಫೀಡರ್, ಎಣ್ಣೆಯ ಡೋಸಿಂಗ್ ಪಂಪ್, ಕಟರ್ ಎಲ್ಲ ಸೇರಿ ಒಂದು ಸಾಧಾರಣ ಟ್ವಿನ್ ಸ್ಕ್ರೂ ಲೈನಿಗೆ ಅಂದು ನನಗೆ ಬಂದ ಕೊಟೇಶನ್ ಅರುವತ್ತು ಲಕ್ಷಕ್ಕೂ ಮೇಲಿತ್ತು. ಪಿವಿಸಿ ಕಂಪೌಂಡಿನಲ್ಲಿ ಕಿಲೋಗೆ ಮೂರು-ನಾಲ್ಕು ರೂಪಾಯಿ ಉಳಿದರೆ ಅದೇ ಹೆಚ್ಚು ಎಂಬ ಪರಿಸ್ಥಿತಿಯಲ್ಲಿ ಅಷ್ಟು ಸಾಲ ಹೊರುವುದು ನನ್ನಿಂದ ಸಾಧ್ಯವಿರಲಿಲ್ಲ. ನನ್ನ ಬಳಿ ಇದ್ದದ್ದು ಪಿವಿಸಿಯ ಹೈಸ್ಪೀಡ್ ಮಿಕ್ಸರ್, ಅದರ ಕೆಳಗಿನ ಕೂಲರ್ ಮಿಕ್ಸರ್, ಹಳೆಯ ಎಕ್ಸ್‌ಟ್ರೂಡರ್ ಮತ್ತು ಒಂದಷ್ಟು ಖಾಲಿ ಡ್ರಮ್ಮುಗಳು. ಆದ್ದರಿಂದ ಟ್ವಿನ್ ಸ್ಕ್ರೂ ನಿಜವಾಗಿ ಮಾಡುವ ಕೆಲಸವೇನು, ಅದರಲ್ಲಿ ಯಾವ ಭಾಗವನ್ನು ಯಂತ್ರವಿಲ್ಲದೆ ಮಾಡಬಹುದು ಎಂಬ ಪ್ರಶ್ನೆಯಿಂದಲೇ ನಾನು ಹೊರಟೆ.

ಹೆಚ್ಚು ಅಣುತೂಕದ ಎಸ್‌ಇಬಿಎಸ್, ಅಂದರೆ 33 ಶೇಕಡಾದಷ್ಟು ಸ್ಟೈರೀನ್ ಇರುವ ಎಣ್ಣೆ ಹೀರುವ ಗ್ರೇಡು, ತಾನಾಗಿ ಕರಗಿ ಹರಿಯುವುದೇ ಇಲ್ಲ. ಎಣ್ಣೆ ಹೊಟ್ಟೆ ಸೇರಿದ ಮೇಲಷ್ಟೇ ಅದು ಯಂತ್ರದ ಮಾತು ಕೇಳುತ್ತದೆ. ಟ್ವಿನ್ ಸ್ಕ್ರೂ ಈ ಎಣ್ಣೆಯನ್ನು ಒಂದೆರಡು ನಿಮಿಷಗಳಲ್ಲಿ ಬಲವಂತವಾಗಿ ಒಳಗೆ ತಳ್ಳುತ್ತದೆ. ಆದರೆ ಪುಡಿಯ ಕಣಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ, ದಪ್ಪ ಅವಲಕ್ಕಿ ನೀರನ್ನು ಹೀರಿಕೊಳ್ಳುವಂತೆ, ಅವು ಎಣ್ಣೆಯನ್ನು ತಾವಾಗಿಯೇ ಹೀರಿಕೊಳ್ಳುತ್ತವೆ. ಬೇಕಾಗುವುದು ಸಮಯ ಮಾತ್ರ. ಬಲದಿಂದ ಆಗುವ ಕೆಲಸವನ್ನು ಕಾಲಕ್ಕೆ ಬಿಟ್ಟುಕೊಟ್ಟರೆ ಯಂತ್ರಕ್ಕೆ ಉಳಿಯುವ ಕೆಲಸ ತೀರ ಕಡಿಮೆ. ನನ್ನ ವಿಧಾನದ ತಿರುಳು ಇಷ್ಟೇ.

ಎಣ್ಣೆಯ ಆಯ್ಕೆಯಲ್ಲಿ ಉಳಿತಾಯ ಮಾಡಲು ಹೋಗಬಾರದು. ಅಗ್ಗದ ಆರೊಮ್ಯಾಟಿಕ್ ರಬ್ಬರ್ ಪ್ರೋಸೆಸ್ ಆಯಿಲ್ ಹಾಕಿ ನೋಡಿದ ಬ್ಯಾಚ್ ಕೈಯಲ್ಲಿ ಹಿಡಿದು ಎಳೆದರೆ ಹರಿದುಬರುತ್ತಿತ್ತು. ಆ ಎಣ್ಣೆ ಮಧ್ಯದ ರಬ್ಬರ್ ಭಾಗಕ್ಕಷ್ಟೇ ಅಲ್ಲದೆ ತುದಿಯ ಪಾಲಿಸ್ಟೈರೀನ್ ಗಂಟುಗಳೊಳಗೂ ಇಳಿದು ಅವುಗಳನ್ನೇ ಸಡಿಲಗೊಳಿಸುತ್ತದೆ, ಇಡೀ ವಸ್ತುವನ್ನು ಹಿಡಿದಿರುವುದೇ ಆ ಗಂಟುಗಳು. ಪ್ಯಾರಾಫಿನಿಕ್ ವೈಟ್ ಆಯಿಲ್ (ಶುದ್ಧೀಕರಿಸಿದ, ಬಣ್ಣವಿಲ್ಲದ ಖನಿಜ ತೈಲ) ಮಾತ್ರ ಸರಿ. ಅದರಲ್ಲಿಯೂ ತೆಳು ಎಣ್ಣೆ ಬೇಗ ಒಳಗಿಳಿಯುತ್ತದೆ, ಆದರೆ 200 ಡಿಗ್ರಿಯಲ್ಲಿ ಹೊಗೆಯೇಳುತ್ತದೆ ಮತ್ತು ತಿಂಗಳು ಕಳೆದ ಮೇಲೆ ಮೋಲ್ಡ್ ಮಾಡಿದ ವಸ್ತುವಿನ ಮೇಲೆ ಬೆವರಿನಂತೆ ಹೊರಬರುತ್ತದೆ. ದಪ್ಪ ಎಣ್ಣೆ ನಿಧಾನ, ಆದರೆ ನಂಬಿಕಸ್ತ. ನಾನು ಎರಡನ್ನೂ ಬಳಸುತ್ತೇನೆ. ಯಾವ ಪ್ರಮಾಣದಲ್ಲಿ, ಯಾವುದನ್ನು ಮೊದಲು ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಹಾಳಾದ ಡ್ರಮ್ಮುಗಳ ಲೆಕ್ಕ ನನ್ನ ಪುಸ್ತಕದಲ್ಲಿದೆ.

ಯಂತ್ರ ಕೊಟ್ಟ ಕಷ್ಟಗಳನ್ನು ವಿವರವಾಗಿ ಹೇಳಬೇಕು, ಏಕೆಂದರೆ ಈ ದಾರಿ ಹಿಡಿದವರು ಸಾಮಾನ್ಯವಾಗಿ ಕೈಬಿಡುವುದು ಇಲ್ಲಿಯೇ. ಮೊದಲನೆಯದು ಪಿವಿಸಿಯ ಉಳಿಕೆ. ಬ್ಯಾರೆಲ್ಲಿನ ಮೂಲೆಮೂಲೆಗಳಲ್ಲಿ ಕುಳಿತ ಪಿವಿಸಿಗೆ ಎಸ್‌ಇಬಿಎಸ್‌ಗೆ ಬೇಕಾದ 200-210 ಡಿಗ್ರಿಯ ಶಾಖ ತಡೆಯುವುದಿಲ್ಲ. ಅದು ಸುಟ್ಟು ಕಂದುಚುಕ್ಕೆಗಳಾಗಿ ಹೊರಬರುತ್ತದೆ, ಜೊತೆಗೆ ಹೊರಡುವ ಆಮ್ಲದ ಆವಿ ಮೂಗನ್ನೂ ಉಕ್ಕನ್ನೂ ಕೊರೆಯುತ್ತದೆ. ಎಲ್‌ಡಿಪಿಇ ಹಾಕಿ ತಾಸುಗಟ್ಟಲೆ ಪರ್ಜ್ ಮಾಡಿದರೂ (ಒಳಗಿನ ಉಳಿಕೆ ಹೊರತಳ್ಳಲು ಬೇರೆ ಪ್ಲಾಸ್ಟಿಕ್ ಓಡಿಸಿದರೂ) ಚುಕ್ಕೆಗಳು ನಿಲ್ಲಲಿಲ್ಲ. ಕೊನೆಗೆ ಸ್ಕ್ರೂ ಹೊರಗೆಳೆದು, ಡೈ ಮತ್ತು ಬ್ರೇಕರ್ ಪ್ಲೇಟ್ ಬಿಚ್ಚಿ, ಹಿತ್ತಾಳೆಯ ಬ್ರಶ್ಶಿನಿಂದ ಉಜ್ಜಿದ ಮೇಲೆ ಡೈಯಿಂದ ಕಂಪೌಂಡಿನ ಬಿಳಿಯ ದಾರ ಬಂತು. ಆ ದಿನದಿಂದ ಆ ಯಂತ್ರಕ್ಕೆ ಪಿವಿಸಿ ಮುಟ್ಟಿಸಿಲ್ಲ. ಒಂದೇ ಯಂತ್ರದಲ್ಲಿ ಎರಡನ್ನೂ ನಡೆಸುತ್ತೇನೆಂದು ಹೇಳುವವರ ಮಾಲನ್ನು ಬೆಳಕಿಗೆ ಹಿಡಿದು ನೋಡಿ ಕೊಳ್ಳಬೇಕು.

ಎರಡನೆಯದು ಜಾರುವಿಕೆ. ಎಣ್ಣೆ ಪೂರ್ತಿ ಹೀರದ ಪುಡಿ ಹಾಪರ್‌ನ ಕೆಳಗೆ ಬ್ಯಾರೆಲ್ಲಿನ ಗೋಡೆಗೆ ಎಣ್ಣೆ ಸವರಿಬಿಡುತ್ತದೆ. ಸ್ಕ್ರೂ ತಿರುಗುತ್ತಲೇ ಇರುತ್ತದೆ, ಮೆಟೀರಿಯಲ್ ಮಾತ್ರ ಮುಂದೆ ಹೋಗುವುದಿಲ್ಲ, ಮೋಟಾರಿನ ಆಂಪಿಯರ್ ಏರಿಳಿಯುತ್ತದೆ, ದಾರ ಒಮ್ಮೆ ಹೆಬ್ಬೆರಳಿನ ದಪ್ಪ, ಇನ್ನೊಮ್ಮೆ ಕಡ್ಡಿಯ ತೆಳು. ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಗಿದು ಬಿಟ್ಟಾಗ ಅದು ಉದುರಬೇಕು ಮತ್ತು ಅಂಗೈಗೆ ಪಸೆ ಹತ್ತಬಾರದು. ಈ ಸ್ಥಿತಿ ಬರುವವರೆಗೆ ಹಾಪರ್‌ಗೆ ಸುರಿಯಬಾರದು. ಫೀಡ್ ಬಾಯಿಗೆ ತಣ್ಣೀರಿನ ಸುತ್ತು ಬಿಡಿಸಿದ್ದು ಇನ್ನೊಂದು ದೊಡ್ಡ ಉಪಕಾರ ಮಾಡಿತು.

ಹಳೆಯ ಸ್ಕ್ರೂ ಪಿವಿಸಿಗೆಂದು ಕೆತ್ತಿದ್ದರಿಂದ ಅದರ ಕಂಪ್ರೆಶನ್ (ಮೆಟೀರಿಯಲ್ಲನ್ನು ಅಮುಕುವ ಪ್ರಮಾಣ) ಕಡಿಮೆಯಿತ್ತು. ಹೊಸದಾಗಿ ಸುಮಾರು 26ರ ಉದ್ದ-ವ್ಯಾಸದ ಅನುಪಾತ, ಮೂರಕ್ಕೆ ಹತ್ತಿರದ ಕಂಪ್ರೆಶನ್ ಮತ್ತು ಕೊನೆಯಲ್ಲಿ ಮಿಶ್ರಣದ ಭಾಗವಿರುವ ಸ್ಕ್ರೂ ಮಾಡಿಸಿ, ಬ್ಯಾರೆಲ್ಲನ್ನೂ ಬದಲಿಸಿದೆ. ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಆಸುಪಾಸು ಖರ್ಚಾಯಿತು. ಕೊನೆಯ ಭಾಗದ ಪಿನ್ನುಗಳ ಜೋಡಣೆ ನನ್ನದೇ. ಅದರ ಚಿತ್ರವನ್ನು ಯಾರಿಗೂ ಕೊಟ್ಟಿಲ್ಲ, ಇಲ್ಲಿಯೂ ಕೊಡುವುದಿಲ್ಲ.

ಮೂರನೆಯ ಕಷ್ಟ ನಮ್ಮ ಕರಾವಳಿಯದ್ದು. ಜೂನ್ ತಿಂಗಳು ಕಾಲಿಟ್ಟರೆ ಫಿಲ್ಲರ್ ಆಗಿ ಹಾಕುವ ಕ್ಯಾಲ್ಸಿಯಂ ಕಾರ್ಬೊನೇಟಿನ ಚೀಲಗಳು ತೇವ ಹಿಡಿಯುತ್ತವೆ, ಗ್ರಾನ್ಯೂಲ್ಸ್ ಕತ್ತರಿಸಿ ನೋಡಿದರೆ ಒಳಗೆಲ್ಲ ಗುಳ್ಳೆ. ಕೋಟೆಡ್ ಗ್ರೇಡು ತರಿಸಿಯೂ ಮಳೆಗಾಲದಲ್ಲಿ ಅದನ್ನು 80 ಡಿಗ್ರಿಯಲ್ಲಿ ಎರಡು-ಮೂರು ತಾಸು ಒಣಗಿಸದೆ ಹಾಕುವುದಿಲ್ಲ. ಒಳನಾಡಿನಲ್ಲಿ ಕೆಲಸ ಮಾಡುವವರಿಗೆ ಈ ತಾಪತ್ರಯ ಇಷ್ಟಿಲ್ಲ.

ಈಗ ನಡೆಯುವ ಕ್ರಮ ಹೀಗಿದೆ. 100 ಪಾಲು ಎಸ್‌ಇಬಿಎಸ್‌ಗೆ 130-150 ಪಾಲು ಎಣ್ಣೆಯನ್ನು ಮಿಕ್ಸರಿನ ಕಡಿಮೆ ವೇಗದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟು, ಮಿಶ್ರಣವನ್ನು ಮುಚ್ಚಿದ ಡ್ರಮ್ಮುಗಳಲ್ಲಿ ಮಾರನೆಯ ದಿನದವರೆಗೆ ಇಡುತ್ತೇವೆ. ನಡುವೆ ಡ್ರಮ್ಮನ್ನು ಒಂದೆರಡು ಸಲ ಉರುಳಿಸಬೇಕು, ಇಲ್ಲದಿದ್ದರೆ ತಳದಲ್ಲಿ ಎಣ್ಣೆ ಹೆಚ್ಚಾಗುತ್ತದೆ. ಬೇಸಗೆಯ ಸೆಕೆಯಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ನಂತರ 35-45 ಪಾಲು ಪಾಲಿಪ್ರೊಪಿಲೀನ್ ಮತ್ತು ಶಾಖಕ್ಕೆ ಪಾಲಿಮರ್ ಕೆಡದಂತೆ ಸ್ವಲ್ಪ ಆಂಟಿಆಕ್ಸಿಡೆಂಟ್ 1010. ಫಿಲ್ಲರ್ ಯಾವಾಗಲೂ ಕಡೆಯದು: ಮೊದಲೇ ಹಾಕಿದರೆ ಪಾಲಿಮರ್‌ಗೆ ಸಲ್ಲಬೇಕಾದ ಎಣ್ಣೆಯನ್ನು ಅದೇ ಕುಡಿದುಬಿಡುತ್ತದೆ, ಆಗ ಮೋಲ್ಡಿಂಗಿನಲ್ಲಿ ಕರಗದ ಎಸ್‌ಇಬಿಎಸ್ ಕಾಳುಗಳು ಕಾಣಿಸಿಕೊಳ್ಳುತ್ತವೆ. ಹಿಮ್ಮುಖ ಒತ್ತಡ (ಬ್ಯಾಕ್ ಪ್ರೆಶರ್) ಸಿಗಲೆಂದು 40, 80 ಮತ್ತು 120 ಮೆಶ್ಶಿನ ಜಾಲರಿಗಳನ್ನು ಒಟ್ಟಿಗೆ ಹಾಕುತ್ತೇನೆ. ಶೋರ್ ಅಳತೆಯನ್ನು ಮಾರನೆಯ ದಿನ ತೆಗೆಯಿರಿ. ಬಿಸಿ ಆರಿದ ಕೂಡಲೇ ಸಿಗುವ ಅಂಕಿಯನ್ನು ನಂಬಿ ನಾವು ಗಿರಾಕಿಗೆ ಮಾತು ಕೊಡುವುದಿಲ್ಲ. ಗಂಟೆಗೆ 35-40 ಕಿಲೋ ಬರುತ್ತದೆ. ಟ್ವಿನ್ ಸ್ಕ್ರೂ ಇದರ ಮೂರು-ನಾಲ್ಕು ಪಟ್ಟು ಕೊಡುತ್ತದೆ ಎಂಬುದು ನಿಜ, ಆದರೆ ಅದರ ಕಂತನ್ನು ನಾನು ಕಟ್ಟುತ್ತಿಲ್ಲ.

ಲೆಕ್ಕವನ್ನು ನೆನಪಿನಿಂದ ಹೇಳುವುದಾದರೆ, ಆಮದಿನ ಎಸ್‌ಇಬಿಎಸ್ ಕಿಲೋಗೆ 280-300 ರೂಪಾಯಿ, ವೈಟ್ ಆಯಿಲ್ ನೂರರ ಹತ್ತಿರ, ಪಾಲಿಪ್ರೊಪಿಲೀನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಫಿಲ್ಲರ್ ಸೇರಿಸಿದ ಮೇಲೆ ಕಚ್ಚಾಮಾಲಿನ ಖರ್ಚು 140ರ ಸುತ್ತಮುತ್ತ ನಿಲ್ಲುತ್ತದೆ. ವಿದ್ಯುತ್ತು, ಕೂಲಿ, ಕಟಿಂಗ್ ನಷ್ಟ ಕಳೆದರೂ ಕಿಲೋಗೆ 20 ರೂಪಾಯಿಗಿಂತ ಕಡಿಮೆ ಉಳಿದ ತಿಂಗಳಿಲ್ಲ. ಹಾಳಾದ ಬ್ಯಾಚ್‌ಗಳಿಗೆ ಸುಮಾರು ಎರಡು ಲಕ್ಷ ಹೋಗಿತ್ತು. ಅದರಲ್ಲಿ ಚುಕ್ಕೆ ಬಿದ್ದ ಮಾಲನ್ನು ಕಪ್ಪು ಮಾಸ್ಟರ್‌ಬ್ಯಾಚ್ ಹಾಕಿ ಗ್ಯಾಸ್ಕೆಟ್ಟಿಗೆ ಮಾರಿ ಅರ್ಧದಷ್ಟನ್ನು ಹಿಂದಕ್ಕೆ ಪಡೆದೆ.

ನೆನೆಸಿಡುವ ಈ ತತ್ವ ಬೇರೆಡೆಯಲ್ಲಿಯೂ ನಿಲ್ಲುತ್ತದೆಯೇ ಎಂದು ನೋಡುವ ಆಸೆಯಿಂದ ಟಾರಿನ ಕಡೆಗೂ ಹೋದೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ನೆರೆಯಲ್ಲಿಯೇ ಇರುವ ನಮಗೆ ಬಿಟುಮೆನ್ ಅಪರೂಪದ ವಸ್ತುವಲ್ಲ. ರಸ್ತೆಯ ಬಿಟುಮೆನ್ನಿಗೆ 4-5 ಶೇಕಡಾ ಎಸ್‌ಬಿಎಸ್ (ಸ್ಟೈರೀನ್-ಬ್ಯುಟಾಡೈಯೀನ್-ಸ್ಟೈರೀನ್, ಎಸ್‌ಇಬಿಎಸ್‌ನ ಹತ್ತಿರದ ಬಂಧು) ಸೇರಿಸಿ 180 ಡಿಗ್ರಿಯಲ್ಲಿ ಹೈಶಿಯರ್ ಮಿಲ್, ಅಂದರೆ ಅತಿವೇಗದಲ್ಲಿ ಅರೆದು ಬೆರೆಸುವ ಯಂತ್ರ, ಹಾಯಿಸುವುದು ರೂಢಿ. ನನ್ನಲ್ಲಿ ಮಿಲ್ ಇಲ್ಲದ್ದರಿಂದ ಎಸ್‌ಬಿಎಸ್ಸನ್ನು ಬಿಸಿ ಬಿಟುಮೆನ್ನಿನಲ್ಲಿ ತಾಸುಗಟ್ಟಲೆ ಉಬ್ಬಲು ಬಿಟ್ಟು ಸಾಧಾರಣ ಕಲಕುವ ಯಂತ್ರದಿಂದ ಕಲಕಿದೆ. ಬಿಸಿಯಿರುವಾಗ ಮಿಶ್ರಣ ನುಣುಪಾಗಿಯೇ ಕಂಡಿತು, ಆದರೆ ರಾತ್ರಿಯಿಡೀ ಬಿಸಿಯಲ್ಲಿಟ್ಟ ಡಬ್ಬದಲ್ಲಿ ಪಾಲಿಮರ್ ಮೇಲಕ್ಕೆ ಬಂದು ಕೆನೆಗಟ್ಟಿತು. ಗಂಧಕ ಸೇರಿಸಿದರೆ ಬೇರ್ಪಡುವುದು ನಿಲ್ಲುತ್ತದೆ, ಆದರೆ ಅದರಿಂದ ಹೈಡ್ರೋಜನ್ ಸಲ್ಫೈಡ್ ಏಳುವ ಅಪಾಯವಿರುವುದರಿಂದ ನಮ್ಮಂಥ ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಮಾಡಲೇಬಾರದು. ಪಾಲಿಮರ್ ಬೆರೆಸಿದ ಬಿಟುಮೆನ್ನಿನ ಭಾರತೀಯ ಮಾನದಂಡವಾದ ಐಎಸ್ 15462ರ ಪರೀಕ್ಷೆಗಳಿಗೆ ನಿಲ್ಲುವ ಮಾಲು ಈ ದಾರಿಯಿಂದ ಬರುವುದಿಲ್ಲ. ಮಾಡಿದ ದಿನವೇ ಬಳಿದ ಭಾಗ ಮಾತ್ರ ಶೆಡ್ಡಿನ ತಾರಸಿಯ ಬಿರುಕುಗಳಲ್ಲಿ ಮಳೆಗಾಲಗಳನ್ನು ದಾಟಿ ಇಂದಿಗೂ ಎಳೆದರೆ ರಬ್ಬರಿನಂತೆ ಮೊದಲಿನ ಸ್ಥಿತಿಗೆ ಮರಳುತ್ತಿದೆ.

ಇನ್ನೊಂದು ಪ್ರಯೋಗ ಹೆಚ್ಚು ಫಲ ಕೊಟ್ಟಿತು. 100 ಪಾಲಿಗೆ 400ಕ್ಕೂ ಹೆಚ್ಚು ಎಣ್ಣೆ ಹಾಕಿದರೆ ಕಂಪೌಂಡಿನ ಬದಲು ಪಾರದರ್ಶಕ ಜೆಲ್ ಸಿಗುತ್ತದೆ. ಸಕ್ಕರೆ ಕಾಯಿಲೆಯವರ ಪಾದರಕ್ಷೆಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಸುವ ಮೈಕ್ರೋಸೆಲ್ಯುಲರ್ ರಬ್ಬರ್ ಒಳಪದರದ ಹಿಮ್ಮಡಿಯ ಭಾಗಕ್ಕೆ ಈ ಜೆಲ್ಲಿನ ದಿಂಬು ಮಾಡಿಕೊಟ್ಟೆವು. ಗುಳ್ಳೆ ತೆಗೆಯುವುದೇ ಇಲ್ಲಿನ ಸಮಸ್ಯೆ: ಕರಗಿಸಿದ ಮೇಲೆ ವ್ಯಾಕ್ಯೂಮ್ ಎಳೆಯುವುದಕ್ಕಿಂತ, ನೆನೆಸುವ ಹಂತದಲ್ಲಿಯೇ ಎಳೆದರೆ ರಂಧ್ರಗಳಲ್ಲಿನ ಗಾಳಿ ಹೊರಬಂದು ಎಣ್ಣೆ ಆ ಜಾಗಕ್ಕೆ ಇಳಿಯುತ್ತದೆ. ಉಳಿದ ಜೆಲ್ಲಿನಿಂದ ಅಲ್ಟ್ರಾಸೌಂಡ್ ಕಲಿಯುವವರು ಸೂಜಿ ಚುಚ್ಚಿ ಅಭ್ಯಾಸ ಮಾಡುವ ಗಟ್ಟಿಯನ್ನೂ ಎರೆದೆವು. ಶಬ್ದದ ವೇಗ ಅದರಲ್ಲಿ ಸೆಕೆಂಡಿಗೆ 1450 ಮೀಟರಿನ ಆಸುಪಾಸು ಇರುವುದರಿಂದ ದೇಹದ ಮೆದು ಅಂಗಾಂಶಕ್ಕೆ ಯಂತ್ರಗಳು ಹಿಡಿಯುವ 1540ಕ್ಕಿಂತ ಕಡಿಮೆಯೇ, ಆಳದ ಅಳತೆ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಸೂಜಿ ಹಿಡಿಯುವ ಕೈ ಪಳಗಿಸಲು ಅದು ಅಡ್ಡಿಯಲ್ಲ. ಜೆಲಾಟಿನ್ ಗಟ್ಟಿಯಂತೆ ಇದು ಕೊಳೆಯುವುದಿಲ್ಲ, ತೂತುಬಿದ್ದರೆ ಕರಗಿಸಿ ಮತ್ತೆ ಎರೆಯಬಹುದು.

ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿದ ಬಂಧುವೊಬ್ಬರು ನನ್ನ ಡ್ರಮ್ಮುಗಳನ್ನು ನೋಡಿ, ಔಷಧದ ಜೆಲ್ಲುಗಳಿಗೆ ಬಳಸುವ ತಮ್ಮ ಪೊಲೊಕ್ಸಾಮರ್ 407 ಕೂಡ ಹೀಗೆಯೇ ಎಂದರು. ಅದೂ ನಮ್ಮ ವಸ್ತುವಿನಂತೆಯೇ ಮೂರು ತುಂಡುಗಳು ಸೇರಿದ ಪಾಲಿಮರ್ (ಬ್ಲಾಕ್ ಕೋಪಾಲಿಮರ್). ಬಿಸಿನೀರಿಗೆ ಹಾಕಿದರೆ ಗಂಟುಗಟ್ಟುತ್ತದೆ, ತಣ್ಣೀರಿನಲ್ಲಿ ಕಲಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗಾಗುವಾಗ ತಿಳಿಯಾಗಿರುತ್ತದೆ, 20 ಶೇಕಡಾದ ಆ ದ್ರಾವಣ ಮೈಯ ಬಿಸಿಗೆ ಜೆಲ್ ಆಗುತ್ತದೆ. ಅಲ್ಲಿಯೂ ಯಾವ ದೊಡ್ಡ ಯಂತ್ರವೂ ಇಲ್ಲ.

ವೈದ್ಯಕೀಯ ಉಪಯೋಗದ ಬಗ್ಗೆ ಕೇಳುವವರಿಗೆ ನಾನು ಎಲ್ಲಿ ನಿಲ್ಲುತ್ತೇನೆ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹೃದಯದ ರಕ್ತನಾಳದಲ್ಲಿ ಕೂರುವ ಟ್ಯಾಕ್ಸಸ್ ಸ್ಟೆಂಟಿಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಔಷಧವನ್ನು ಹಿಡಿದಿಡುವ ಪದರ ಸ್ಟೈರೀನ್-ಐಸೊಬ್ಯುಟಿಲೀನ್-ಸ್ಟೈರೀನ್, ಅಂದರೆ ನಮ್ಮ ವಸ್ತುವಿನ ದಾಯಾದಿ. ಇದನ್ನು ತಿಳಿದ ಒಬ್ಬ ಗಿರಾಕಿ ನಮ್ಮ ಕಂಪೌಂಡಿನಿಂದ ದೇಹದೊಳಗೆ ಇಡುವ ವಸ್ತು ಮಾಡಬಹುದೇ ಎಂದು ಕೇಳಿದರು. ಸಾಧ್ಯವಿಲ್ಲ. ಅರ್ಧದಷ್ಟು ಎಣ್ಣೆ ತುಂಬಿದ, ನನ್ನ ಶೆಡ್ಡಿನಲ್ಲಿ ತಯಾರಾದ ಮಾಲು ಚರ್ಮದ ಹೊರಗೆ ಇರಬೇಕಾದದ್ದು, ಅದೂ ಐಎಸ್‌ಒ 10993ರ (ವೈದ್ಯಕೀಯ ಸಾಧನಗಳು ದೇಹಕ್ಕೆ ಹೊಂದುತ್ತವೆಯೇ ಎಂದು ನೋಡುವ ಮಾನದಂಡ) ಪರೀಕ್ಷೆಗಳನ್ನು ವಸ್ತು ತಯಾರಿಸುವವರು ಮಾಡಿಸಿದ ಮೇಲೆ. ಆಟೊಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ, ಆಗುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಪಾಲಿಸ್ಟೈರೀನ್ ಗಂಟುಗಳು 100 ಡಿಗ್ರಿಯ ಹತ್ತಿರ ಮೆದುವಾಗುವುದರಿಂದ 121 ಡಿಗ್ರಿಯ ಹಬೆಯಲ್ಲಿ ನಮ್ಮ ಶೋರ್ 40ರ ಹಿಡಿಕೆ ಬಾಗಿಹೋಯಿತು. ಪಾಲಿಪ್ರೊಪಿಲೀನ್ ಹೆಚ್ಚಿಸಿ 65ಕ್ಕೆ ಏರಿಸಿದಾಗ ಆಕಾರ ಉಳಿಯಿತು, ಮೆತ್ತಗಿನ ಹಿಡಿತ ಹೋಯಿತು. ಮೆದು ಗ್ರೇಡು ಬೇಕೆಂದವರಿಗೆ ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಶುದ್ಧಿ ಮಾಡಲು ಹೇಳಿ, ಪ್ರಮಾಣಪತ್ರವಿರುವ ಫಾರ್ಮಾ ಗ್ರೇಡಿನ ವೈಟ್ ಆಯಿಲ್ ಹಾಕಿ, ಫಿಲ್ಲರ್ ಇಲ್ಲದೆ, ಅದಕ್ಕೆಂದೇ ಇಟ್ಟ ಡ್ರಮ್ಮುಗಳಲ್ಲಿ ನೆನೆಸಿ ಕೊಡುತ್ತೇನೆ. ಅದರ ದರ ಕಿಲೋಗೆ 260 ರೂಪಾಯಿ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.