ಟ್ರಿಮ್ ಗೇಜ್ ಮುಳ್ಳು ಅಲ್ಲಾಡುತ್ತಿಲ್ವಾ?

ಬಾಗಲಕೋಟೆ ಹತ್ತಿರ ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಸ್ಟರ್ನ್‌ಡ್ರೈವ್ ಬೋಟ್ (ಇಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಡ್ರೈವ್ ಹಿಂದೆ ಹೊರಗೆ) ಓಡುತ್ತದೆ. ಒಂದಿನ ಸ್ವಿಚ್ ಒತ್ತಿದರೆ ಡ್ರೈವ್ ಮೇಲೆ ಕೆಳಗೆ ಆಡುತ್ತಿತ್ತು, ಡ್ರೈವ್ ಎಷ್ಟು ಎತ್ತಿದೆ ಅಂತ ತೋರಿಸುವ ಟ್ರಿಮ್ ಗೇಜಿನ ಮುಳ್ಳು ಮಾತ್ರ ಸತ್ತು ಬಿದ್ದಿತ್ತು. ಸುಮ್ನೆ ಹೊಸ ಗೇಜ್ ತರಿಸಿ ದುಡ್ಡು ಕಳೆದೆ. ನೀವು ಹಾಗೆ ಮಾಡಬೇಡಿ.

ಗೇಜಿನ ಹಿಂದೆ ಐ (ಕೀಯಿಂದ ಬರುವ ಕರೆಂಟ್), ಜಿ (ಅರ್ಥ್), ಎಸ್ (ಸೆಂಡರ್) ಅಂತ ಮೂರು ಟರ್ಮಿನಲ್ ಇರುತ್ತವೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಐ ಮತ್ತು ಜಿ ನಡುವೆ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಆಸುಪಾಸು ಬರಬೇಕು. ಬರದಿದ್ದರೆ ಫ್ಯೂಸ್, ಅರ್ಥ್ ನೋಡಿ. ಬಂತಾ? ಎಸ್ ವೈರ್ ಬಿಚ್ಚಿ, ಮುಳ್ಳು ಒಂದು ತುದಿಗೆ ಓಡುತ್ತದೆ. ತುಂಡು ವೈರಿನಿಂದ ಎಸ್ ಮತ್ತು ಜಿ ಒಂದು ಕ್ಷಣ ಮುಟ್ಟಿಸಿ, ಇನ್ನೊಂದು ತುದಿಗೆ ಹೋಗಬೇಕು. ಹೋದರೆ ಗೇಜಿಗೆ ಏನೂ ಆಗಿಲ್ಲ. ಐಗೆ ಮಾತ್ರ ತಾಗಿಸಬೇಡಿ, ಫ್ಯೂಸ್ ಹೋಗುತ್ತದೆ.

ಇನ್ನು ಸೆಂಡರ್, ಅಂದರೆ ಡ್ರೈವ್ ಎಷ್ಟು ಎತ್ತಿದೆ ಅಂತ ಗೇಜಿಗೆ ತಿಳಿಸುವ ಭಾಗ. ಡ್ರೈವ್ ಪಕ್ಕದ ಆ ದುಂಡು ಡಬ್ಬಿಯ ಎರಡು ವೈರ್ ಬಿಚ್ಚಿ, ಮಲ್ಟಿಮೀಟರಿನಿಂದ ಅವುಗಳ ನಡುವೆ ಓಮ್ಸ್ (ವಿದ್ಯುತ್ ರೋಧ) ಅಳೆಯಿರಿ. ಒಬ್ಬರು ಡ್ರೈವ್ ಎತ್ತುತ್ತಿರಲಿ. ಅಂಕಿ ನಿಧಾನವಾಗಿ ಬದಲಾಗಬೇಕು, ಜಿಗಿಯಬಾರದು. ನಮ್ಮದರಲ್ಲಿ ಡ್ರೈವ್ ತಿರುಗುವ ಜಾಗದಲ್ಲಿ ವೈರ್ ಒಳಗೇ ತುಂಡಾಗಿತ್ತು. ಮೇಲಿನ ರಬ್ಬರ್ ಚೆನ್ನಾಗೇ ಇತ್ತು, ಸೀಳಿದರೆ ತಾಮ್ರವೆಲ್ಲ ಹಸಿರು ಪುಡಿ!

ಹೊಸ ಸೆಂಡರ್ ಹಾಕುವಾಗ ಡ್ರೈವ್ ಪೂರ್ತಿ ಕೆಳಗಿರಲಿ. ಮುಳ್ಳು ಕೆಳಗಿನ ಗುರುತಿಗೆ ಬರುವವರೆಗೆ ಡಬ್ಬಿ ತಿರುಗಿಸಿ, ಸ್ಕ್ರೂ ಬಿಗಿ ಮಾಡಿ.