ಅರ್ಧ ಮಕ್ಕಳು ಬೆಂಚಿನಲ್ಲಿ, ಅರ್ಧ ಮಕ್ಕಳು ಫೋನಿನಲ್ಲಿ: ಪಾಠ ಮಾಡುವುದು ಹೇಗೆ?

ಮಲೆನಾಡಿನಲ್ಲಿ ಜುಲೈ ಬಂತು ಅಂದರೆ ಕ್ಲಾಸು ಎರಡು ಭಾಗವಾಗುತ್ತದೆ. ಪೇಟೆ ಸುತ್ತಮುತ್ತಲಿನ ಮಕ್ಕಳು ಛತ್ರಿ ಹಿಡಿದು ಬರುತ್ತಾರೆ. ಹಳ್ಳ ದಾಟಿ ಬರಬೇಕಾದವರು, ಬೆಳಗಿನ ಒಂದೇ ಬಸ್ಸನ್ನು ನಂಬಿಕೊಂಡವರು ಮನೆಯಲ್ಲೇ ಉಳಿಯುತ್ತಾರೆ. ಮೊದಲಾದರೆ ಅವರಿಗೆ ಆ ದಿನದ ಪಾಠ ಹೋಯಿತು ಅಂತಲೇ ಲೆಕ್ಕ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ, ಕಾಲೇಜು ಮುಚ್ಚಿದ ಮೇಲೆ ನಾವೆಲ್ಲ ಫೋನಿನಲ್ಲಿ ಪಾಠ ಮಾಡುವುದನ್ನು ಕಲಿತೆವು. ಮರುವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಕಾಲೇಜುಗಳಲ್ಲಿ ಒಂದು ವಿಷಯದ ಶೇ 40ರವರೆಗೆ ಆನ್‌ಲೈನ್‌ನಲ್ಲಿ ಕಲಿಸಬಹುದು ಎಂಬ ಕರಡನ್ನೂ ಮುಂದಿಟ್ಟಿತು. ಆದರೆ ಒಂದೇ ಪೀರಿಯಡ್‌ನಲ್ಲಿ ಎದುರಿಗೆ ಕೂತವರನ್ನೂ ದೂರದಲ್ಲಿ ಇರುವವರನ್ನೂ ಒಟ್ಟಿಗೆ ಕರೆದುಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗೆ ಇನ್ನೂ ಕೂತಿಲ್ಲ.

ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಮಳೆಗಾಲ, ರಜೆ ಹಾಕಿದ್ದ ದಿನ, ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆ. ಅವಳು ಜಗಲಿಯಲ್ಲಿ ಕೂತು ಬೇರೊಂದು ವಿಷಯದ ಕ್ಲಾಸು ಕೇಳುತ್ತಿದ್ದಳು. ಫೋನು ಕಿಟಕಿಯ ಸರಳಿಗೆ ಸಿಕ್ಕಿಸಿತ್ತು. 'ಒಳಗೆ ಸಿಗ್ನಲ್ ಸಿಗಲ್ಲ ಸರ್, ಅಲ್ಲಿ ಮಾತ್ರ' ಅಂದರು ಅವಳ ಅಮ್ಮ. ನಾನೂ ಪಕ್ಕದಲ್ಲಿ ಕೂತೆ. ಫೋನಿನಿಂದ ಬರುತ್ತಿದ್ದುದು ಫ್ಯಾನಿನ ಗೊರಗೊರ, ಬೆಂಚು ಎಳೆದ ಸದ್ದು, ನಡುನಡುವೆ 'ಆದ್ದರಿಂದ', 'ಗೊತ್ತಾಯ್ತಲ್ಲ'. ಒಮ್ಮೆ ಇಡೀ ಕ್ಲಾಸು ಜೋರಾಗಿ ನಕ್ಕಿತು. ಅವಳು ನನ್ನ ಕಡೆ ತಿರುಗಿ, 'ಯಾಕೆ ಸರ್ ನಕ್ರು?' ಅಂತ ಕೇಳಿದಳು. ನನಗೂ ಕೇಳಿಸಿರಲಿಲ್ಲ.

ಆಮೇಲೆ ಬೇರೆ ಬೇರೆ ಕಾಲೇಜುಗಳ ಇಂಥ ಕ್ಲಾಸುಗಳನ್ನು ನೋಡಿದ್ದೇನೆ. ಎಲ್ಲ ಕಡೆ ಮೊದಲು ಕೆಡುವುದು ದನಿಯೇ. ಹಾಗಾಗಿ ಕೆಳಗಿನ ಹಂತಗಳಲ್ಲಿ ದನಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಪಾಠವನ್ನು ಒಡೆಯಿರಿ

ಹಿಂದಿನ ರಾತ್ರಿಯೇ ಪಾಠವನ್ನು ಎರಡಾಗಿ ನೋಡಿ. ಒಬ್ಬರೇ ಕೂತು ಕೇಳಿದರೂ ಅರ್ಥವಾಗುವ ಭಾಗ ಒಂದು: ವ್ಯಾಖ್ಯೆ, ಸೂತ್ರ ಬಂದ ಬಗೆ, ಚಿತ್ರ. ಇದನ್ನು ಆರೇಳು ನಿಮಿಷದ ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಕೈಹಿಡಿದು ಮಾಡಿಸಬೇಕಾದ ಭಾಗ ಇನ್ನೊಂದು: ಲೆಕ್ಕ, ತಪ್ಪು ತಿದ್ದುವುದು, ಅನುಮಾನ. ಇದು ಪೀರಿಯಡ್‌ಗೆ. ಅಮೆರಿಕದ ಕೊಲೊರಾಡೊದಲ್ಲಿ ಜೊನಾಥನ್ ಬರ್ಗ್‌ಮನ್, ಆ್ಯರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು 2007ರಲ್ಲಿ ಪಾಠ ರೆಕಾರ್ಡ್ ಮಾಡಲು ಶುರುಮಾಡಿದ್ದೂ ಇಂಥದ್ದೇ ಕಾರಣಕ್ಕೆ. ದೂರದೂರ ಹೋಗಬೇಕಾಗಿ ಕ್ಲಾಸು ತಪ್ಪಿಸಿಕೊಳ್ಳುತ್ತಿದ್ದ ಹಳ್ಳಿ ಕಡೆಯ ಮಕ್ಕಳು ಅವರಿಗೂ ಇದ್ದರು.

45 ನಿಮಿಷದ ಪೂರ್ತಿ ಕ್ಲಾಸನ್ನು ರೆಕಾರ್ಡ್ ಮಾಡಿ ಕಳಿಸುವ ಅಡ್ಡದಾರಿ ಬೇಡ. ಅಷ್ಟು ದೊಡ್ಡ ಫೈಲು ಹಳ್ಳಿ ಸಿಗ್ನಲ್‌ನಲ್ಲಿ ಇಳಿಯುವುದೇ ಕಷ್ಟ. ಇಳಿದರೂ ಬೇಕಾದ ಜಾಗ ಹುಡುಕುವಷ್ಟರಲ್ಲಿ ಮಕ್ಕಳು ಸೋತುಹೋಗುತ್ತಾರೆ.

ಹಂತ 2: ಬೋರ್ಡಿನ ಮೇಲೊಂದು ಗೆರೆ

ವಿಡಿಯೊ ಕರೆ ನಡೆಯುವ ಫೋನು ಅಥವಾ ಲ್ಯಾಪ್‌ಟಾಪಿನ ಕ್ಯಾಮೆರಾ ಇಟ್ಟು, ಅದಕ್ಕೆ ಎಷ್ಟು ಕಾಣುತ್ತದೋ ಅಷ್ಟಕ್ಕೆ ಬೋರ್ಡಿನ ಮೇಲೆ ಚೌಕಾಕಾರದ ಗೆರೆ ಎಳೆಯಿರಿ. ಅದು ಲಕ್ಷ್ಮಣರೇಖೆ. ಅದರಾಚೆ ಬರೆಯಬೇಡಿ. ಅಕ್ಷರ ಅಂಗೈಯಷ್ಟು ದೊಡ್ಡದಿರಲಿ. ಚಾಕ್‌ಪೀಸ್ ಬಿಳಿ, ಹಳದಿ ಎರಡೇ. ಕೆಂಪು, ನೀಲಿ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದಿಲ್ಲ. ನಿಮ್ಮ ಪರದೆಯಲ್ಲಿ ಬರಹ ಉಲ್ಟಾ ಕಂಡರೆ ಗಾಬರಿ ಬೇಡ. ಕನ್ನಡಿಯ ಹಾಗೆ ಕಾಣುವುದು ನಿಮಗೆ ಮಾತ್ರ, ಮಕ್ಕಳಿಗೆ ಸರಿಯಾಗಿಯೇ ಕಾಣುತ್ತದೆ. ಇಷ್ಟು ಸಾಕು. ರಿಂಗ್ ಲೈಟ್ ಕೊಳ್ಳುವ ದುಡ್ಡನ್ನು ಮುಂದಿನ ಹಂತಕ್ಕೆ ಉಳಿಸಿಕೊಳ್ಳಿ.

ಹಂತ 3: ದನಿ

ಲ್ಯಾಪ್‌ಟಾಪಿನ ಮೈಕ್ ಇರುವುದು ಎದುರಿಗೆ ಕೂತು ಮಾತಾಡುವವರಿಗಾಗಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿಯ ತೀವ್ರತೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೈಕಿನಿಂದ 1.5 ಅಡಿ ದೂರ ಇದ್ದವರು ಬೋರ್ಡಿನ ಹತ್ತಿರ, ಅಂದರೆ 12 ಅಡಿ ದೂರ ಹೋದಿರಿ ಅನ್ನಿ. ಅದು 8 ಪಟ್ಟು ದೂರ. ನಿಮ್ಮ ಬಾಯಿಂದ ನೇರ ಬರುವ ದನಿ 64ರಲ್ಲಿ ಒಂದು ಪಾಲಿಗೆ ಇಳಿಯಿತು. ಗೋಡೆಗೆ ಬಡಿದು ಬಂದ ದನಿ ಸೇರಿಕೊಳ್ಳುವುದರಿಂದ ಕೋಣೆಯಲ್ಲಿ ಸದ್ದು ಅಷ್ಟೊಂದು ಇಳಿಯುವುದಿಲ್ಲ ನಿಜ. ಆದರೆ ಹಾಗೆ ಬಂದ ದನಿ ಕಲಸಿಹೋಗಿರುತ್ತದೆ. ಫ್ಯಾನ್ ಮಾತ್ರ ಇದ್ದಲ್ಲೇ ಇರುತ್ತದೆ, ಅದರ ಸದ್ದು ಒಂಚೂರೂ ಇಳಿಯುವುದಿಲ್ಲ. ಆ ಜಗಲಿಯಲ್ಲಿ ನನಗೆ ಕೇಳಿಸಿದ್ದು ಇದೇ.

ಆದ್ದರಿಂದ ಮೈಕ್ ನಿಮ್ಮ ಜೊತೆ ನಡೆಯಬೇಕು. ವೈರಿನ ಕಾಲರ್ ಮೈಕ್ ಒಂದನ್ನು ತನ್ನಿ, ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅಂಗಡಿಯಲ್ಲೇ ಪಿನ್ ನೋಡಿ. ಪಿನ್ನಿನ ಮೇಲೆ ಕಪ್ಪು ಉಂಗುರ ಎರಡಿದ್ದರೆ ಸಾಮಾನ್ಯವಾಗಿ ಅದು ಕ್ಯಾಮೆರಾಕ್ಕೆ, ಮೂರಿದ್ದರೆ ಫೋನಿಗೆ. ಇದನ್ನು ನೋಡದೆ ತಂದು 'ಮೈಕ್ ಹಾಳು' ಅಂತ ಮೂಲೆಗೆ ಎಸೆದವರನ್ನು ಎಷ್ಟೋ ಮಂದಿ ಕಂಡಿದ್ದೇನೆ. ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೀರೆಯ ಸೆರಗು, ಗುರುತಿನ ಚೀಟಿಯ ದಾರ, ಸರ ತಾಗದಂತೆ ನೋಡಿಕೊಳ್ಳಿ. ತಾಗಿದರೆ ಮನೆಯಲ್ಲಿ ಕೇಳುವವರಿಗೆ ಕಿವಿಯಲ್ಲೇ ಕಾಗದ ಹರಿದ ಹಾಗಾಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಸಾಕಲ್ವಾ ಅಂತ ಕೇಳುತ್ತಾರೆ. ಬೇಡ. ಅದರ ಮೈಕ್ ಕೆಲಸಕ್ಕೆ ಇಳಿದ ಕೂಡಲೇ ಬಹಳ ಸೆಟ್ಟುಗಳಲ್ಲಿ ದನಿಯ ಗುಣಮಟ್ಟವೇ ಇಳಿದುಹೋಗುತ್ತದೆ. 360 ಡಿಗ್ರಿ ಮೈಕ್ ಅಂತ ಅಗ್ಗಕ್ಕೆ ಮಾರುವ ದುಂಡನೆಯ ಡಬ್ಬಿಯೂ ಬೇಡ. ಅದು ಸುತ್ತಲಿನ ಎಲ್ಲವನ್ನೂ ಹಿಡಿಯುತ್ತದೆ, ಫ್ಯಾನನ್ನೂ ಸೇರಿಸಿ.

ಇನ್ನು ಎಲ್ಲರೂ ಎಡವುವ ಜಾಗ. ಕಾಲರ್ ಮೈಕನ್ನು ಫೋನಿಗೆ ಚುಚ್ಚಿದರೆ ಫೋನು ಅದನ್ನು ಹೆಡ್‌ಫೋನ್ ಅಂದುಕೊಳ್ಳುತ್ತದೆ. ಹೊರಗೆ ಬರಬೇಕಾದ ದನಿಯನ್ನೂ ಅದೇ ಪಿನ್ನಿಗೆ ಕಳಿಸುತ್ತದೆ. ನೀವು ಹೇಳಿದ್ದು ಮನೆಗೆ ಚೆನ್ನಾಗಿ ಹೋಗುತ್ತದೆ, ಮನೆಯಿಂದ ಬಂದದ್ದು ಕ್ಲಾಸಿನಲ್ಲಿ ಯಾರಿಗೂ ಕೇಳುವುದಿಲ್ಲ. ಮೇಷ್ಟರಿಗೆ ಇದು ಗೊತ್ತೇ ಆಗುವುದಿಲ್ಲ. ಮಕ್ಕಳು ಸುಮ್ಮನಿದ್ದಾರೆ ಅಂದುಕೊಂಡು ಪಾಠ ಮುಂದುವರಿಸುತ್ತಾರೆ. ಅಲ್ಲಿ ಮಗು 'ಸರ್, ಸರ್' ಅಂತ ಕೂಗಿ ಕೂಗಿ ಸಾಕಾಗಿರುತ್ತದೆ. ಇದಕ್ಕೆ ಕವಲು ಇರುವ ಸ್ಪ್ಲಿಟರ್ ಬೇಕು. ಒಂದು ಕವಲಿಗೆ ಮೈಕ್, ಇನ್ನೊಂದಕ್ಕೆ ವೈರಿನ ಸ್ಪೀಕರ್. ಎಲ್ಲ ಮೈಕಿಗೂ ಎಲ್ಲ ಸ್ಪ್ಲಿಟರ್ ಹೊಂದುವುದಿಲ್ಲ. ನಿಮ್ಮ ಮೈಕ್, ನಿಮ್ಮ ಫೋನು ಎರಡನ್ನೂ ಅಂಗಡಿಗೆ ಒಯ್ದು, ಹಾಕಿ ನೋಡಿಯೇ ತನ್ನಿ. ಲ್ಯಾಪ್‌ಟಾಪ್ ಇದ್ದವರಿಗೆ ಕೆಲಸ ಹಗುರ. ಮೈಕ್ ಯಾವುದು, ಸ್ಪೀಕರ್ ಯಾವುದು ಅಂತ ಸೆಟಿಂಗ್ಸ್‌ನಲ್ಲಿ ಬೇರೆ ಬೇರೆ ಆರಿಸಬಹುದು.

ಮೈಕ್ ಮತ್ತು ಸ್ಪೀಕರ್ ಎರಡೂ ಒಂದೇ ಯಂತ್ರಕ್ಕೆ ಜೋಡಿಸಿರಬೇಕು. ಸ್ಪೀಕರಿನಿಂದ ತಾನು ಯಾವ ದನಿ ಹೊರಡಿಸಿದೆ ಅಂತ ಆ್ಯಪ್‌ಗೆ ಗೊತ್ತಿದ್ದರೆ, ಅದೇ ದನಿ ಮೈಕಿನಲ್ಲಿ ಮರಳಿ ಬಂದಾಗ ಅಳಿಸಿಹಾಕುತ್ತದೆ. ಸ್ಪೀಕರ್ ಇನ್ನೊಂದು ಫೋನಿನದ್ದಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಆಗ ಪ್ರತಿಧ್ವನಿ ಶುರು, ಆಮೇಲೆ ಕಿವಿ ಹರಿಯುವ ಕೂಗು. ಬೋರ್ಡು ತೋರಿಸಲು ಎರಡನೇ ಫೋನು ಸೇರಿಸುವುದಾದರೆ ಅದರ ಮೈಕೂ ಬಂದ್, ದನಿಯೂ ಬಂದ್. ಸ್ಪೀಕರನ್ನು ನಿಮ್ಮ ಮೇಜಿನ ಮೇಲೆ ಇಡಬೇಡಿ. ನಡುವಿನ ಬೆಂಚಿನ ಮೇಲೆ, ಹಿಂದಿನ ಸಾಲಿಗೆ ಮುಖಮಾಡಿ ಇಡಿ.

ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಒಂದಿದೆ, ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಅದನ್ನೇ. ಕ್ಲಾಸಿನಲ್ಲಿ ಯಾರೇ ಮಾತಾಡಿದರೂ ನೀವು ಅದನ್ನು ಮತ್ತೆ ಹೇಳಿ. ಕಾಲರ್ ಮೈಕ್ ಮೂರನೇ ಬೆಂಚಿನ ಮಾತನ್ನು ಹಿಡಿಯುವುದಿಲ್ಲ. 'ಗುಂಡು ಭಾರ ಆದರೆ ಲೋಲಕ ಬೇಗ ತೂಗುತ್ತಾ ಅಂತ ಹಿಂದಿನ ಬೆಂಚಿನವರು ಕೇಳ್ತಿದ್ದಾರೆ' ಅನ್ನಿ, ಆಮೇಲೆ ಉತ್ತರಿಸಿ. ಕ್ಲಾಸು ನಕ್ಕರೆ ಯಾಕೆ ನಕ್ಕಿತು ಅಂತಲೂ ಹೇಳಿ.

ಪೀರಿಯಡ್‌ಗೆ ಮುಂಚೆ ಎರಡು ನಿಮಿಷ ಪರೀಕ್ಷೆ ಮಾಡಿ. 'ಕೇಳಿಸ್ತಿದೆಯಾ?' ಅಂತ ಕೇಳಬೇಡಿ. ಕೇಳಿಸದಿದ್ದರೂ ಮಕ್ಕಳು 'ಹೂಂ ಸರ್' ಅಂತಾರೆ. ಬೋರ್ಡಿನ ತುದಿಯಲ್ಲಿ ನಿಂತು ಒಂದು ಸಂಖ್ಯೆ, ಒಂದು ಹೆಸರು ಹೇಳಿ ಚಾಟ್‌ನಲ್ಲಿ ಬರೆಯಿಸಿ. ಫಿಫ್ಟೀನ್ ಅಂದದ್ದು 50 ಆಗಿ ಬಂದರೆ ಮೈಕ್ ಇನ್ನೂ ಸರಿಯಿಲ್ಲ. ಮೊಬೈಲ್ ಡೇಟಾದಲ್ಲಿ ಇರುವ ಮಗುವಿನಿಂದಲೇ ಈ ಪರೀಕ್ಷೆ ಆಗಲಿ. ಸ್ಟಾಫ್ ರೂಮಿನ ವೈಫೈನಲ್ಲಿ ಕೂತ ಸಹೋದ್ಯೋಗಿಗೆ ಕೇಳಿಸಿದರೆ ಏನೂ ತಿಳಿಯುವುದಿಲ್ಲ.

ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಹೊಡೆಯುವಾಗ ಯಾವ ಮೈಕೂ ಪ್ರಯೋಜನಕ್ಕೆ ಬರುವುದಿಲ್ಲ. ಮಾತು ನಿಲ್ಲಿಸಿ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಎರಡೂ ಕಡೆಯವರಿಗೆ ಮಾಡಲು ಬಿಡಿ.

ಹಂತ 4: ಪ್ರಶ್ನೆ ಮೊದಲು ದೂರದವರಿಗೆ

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಎಷ್ಟು ಹೊತ್ತು ಅಂತ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ಕ್ಲಾಸುಗಳಲ್ಲಿ ಅಳೆದು ನೋಡಿದ್ದರು. ಸುಮಾರು ಒಂದು ಸೆಕೆಂಡ್, ಅಷ್ಟೇ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಅಂತ ಅವರು ಕಂಡುಕೊಂಡರು. ಫೋನಿನಲ್ಲಿರುವ ಮಗುವಿಗೆ 3 ಸೆಕೆಂಡ್ ಸಾಲದು. ನಿಮ್ಮ ದನಿ ತಲುಪಬೇಕು, ಮಗು ಯೋಚಿಸಬೇಕು, ಮ್ಯೂಟ್ ತೆಗೆಯಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ. ಎದುರಿಗಿನ ಮಕ್ಕಳು ಉತ್ತರವನ್ನು ಕೂಗದೆ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಮೊದಲ ಅವಕಾಶ ಮನೆಯಲ್ಲಿರುವ ಮಕ್ಕಳಿಗೆ, ಅದೂ ಹೆಸರು ಹಿಡಿದು ಕರೆದು. 'ಆನ್‌ಲೈನ್‌ನವರು ಹೇಳಿ' ಅಂದರೆ ಯಾರೂ ಹೇಳುವುದಿಲ್ಲ.

ಚಾಟ್ ನೋಡುವ ಕೆಲಸ ನೀವು ಇಟ್ಟುಕೊಳ್ಳಬೇಡಿ. ಮೊದಲ ಬೆಂಚಿನ ಒಬ್ಬರಿಗೆ ಕೊಡಿ, ವಾರಕ್ಕೊಬ್ಬರಂತೆ. ಪ್ರಶ್ನೆ ಬಂದ ಕೂಡಲೇ ಅವರು ಕೈ ಎತ್ತಿ ಗಟ್ಟಿಯಾಗಿ ಓದಲಿ, ನೀವು ಮತ್ತೆ ಹೇಳಿ.

ಮುಖ ತೋರಿಸಿ, ಇಲ್ಲದಿದ್ದರೆ ಹಾಜರಿ ಇಲ್ಲ ಅನ್ನುವವರಿಗೆ ನನ್ನ ಮಾತು ಒಂದೇ: ದಯವಿಟ್ಟು ಬಿಟ್ಟುಬಿಡಿ. ವಿಡಿಯೊ ಹಾಕಿದರೆ ಗಂಟೆಗೆ ಒಂದು ಜಿಬಿಯವರೆಗೂ ಹೋಗಬಹುದು. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಅಣ್ಣ, ತಂಗಿ ಇಬ್ಬರ ಕ್ಲಾಸು ನಡೆಯುವ ಮನೆಗಳಿವೆ. ಮನೆಯ ಒಳಗನ್ನು ಎಲ್ಲರಿಗೂ ತೋರಿಸಲು ಇಷ್ಟವಿಲ್ಲದ ಮಕ್ಕಳೂ ಇದ್ದಾರೆ. ಉತ್ತರ ಕೊಟ್ಟದ್ದೇ ಹಾಜರಿ ಆಗಲಿ.

ಹಂತ 5: ಎರಡೂ ಕಡೆ ಒಂದೇ ಕೆಲಸ

ಪೀರಿಯಡ್‌ನಲ್ಲಿ ಒಂದು ಸಲವಾದರೂ ಎಲ್ಲರ ಕೈಗೂ ಕೆಲಸ ಬೇಕು. ಸರಳ ಲೋಲಕದ ಪಾಠ ತಗೊಳ್ಳಿ. ಕ್ಲಾಸಿನಲ್ಲಿ ದಾರಕ್ಕೆ ಗುಂಡು, ಮನೆಯಲ್ಲಿ ದಾರಕ್ಕೆ ಬೀಗ. 25 ಸೆಂಟಿಮೀಟರ್ ಉದ್ದಕ್ಕೆ ಒಂದು ತೂಗಾಟಕ್ಕೆ, ಅಂದರೆ ಹೋಗಿ ಮರಳಿ ಬರಲು, ಸುಮಾರು 1 ಸೆಕೆಂಡ್, ಒಂದು ಮೀಟರಿಗೆ ಸುಮಾರು 2. ಇಪ್ಪತ್ತು ತೂಗಾಟ ಎಣಿಸಿ ಭಾಗಿಸಲಿ. ಎಲ್ಲರ ಅಳತೆಯೂ ಬೋರ್ಡಿನ ಒಂದೇ ಪಟ್ಟಿಗೆ ಬರಲಿ, ಹೆಸರಿನ ಸಮೇತ. ಒಂದು ವರ್ಷ ನಮ್ಮ ಹುಡುಗನೊಬ್ಬ ಅಟ್ಟದ ತೊಲೆಗೆ 2 ಮೀಟರ್ ದಾರ ಕಟ್ಟಿ 2.8 ಸೆಕೆಂಡ್ ಅಂತ ಅಳೆದು ಹೇಳಿದ. ಕ್ಲಾಸಿನಲ್ಲಿ ಅಷ್ಟು ಉದ್ದಕ್ಕೆ ಜಾಗವೇ ಇರಲಿಲ್ಲ. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡೇ ಪಟ್ಟು ಯಾಕೆ, ಉದ್ದ ಎರಡು ಪಟ್ಟಾದರೆ 1.4 ಪಟ್ಟು ಯಾಕೆ ಅಂತ ಆ ದಿನದ ಚರ್ಚೆ ಪೂರ್ತಿ ಅವನ ಅಳತೆಯಿಂದಲೇ ನಡೆಯಿತು. ಪಾಠ ಯೋಜಿಸುವಾಗ ಮನೆಯಲ್ಲಿ ಏನಿಲ್ಲ ಅಂತ ಎಣಿಸುವ ಜೊತೆಗೆ ಏನಿದೆ ಅಂತಲೂ ನೋಡಿ: ಬಾವಿ, ತಕ್ಕಡಿ, ಅಡಿಗೆಮನೆ, ಅಜ್ಜಿಯ ನೆನಪು.

ಹಂತ 6: ಸಂಪರ್ಕ ಕಡಿದರೆ, ಕ್ಲಾಸು ಮುಗಿದ ಮೇಲೆ

ಕರೆ ಕಡಿದರೆ ಏನು ಮಾಡಬೇಕು ಅಂತ ಮೊದಲ ವಾರವೇ ಹೇಳಿಡಿ. ನನ್ನ ಕ್ಲಾಸಿನಲ್ಲಿ ಎರಡು ಸಲ ಮರಳಿ ಸೇರಲು ನೋಡಬೇಕು. ಆಗದಿದ್ದರೆ ಫೋನು ಬದಿಗಿಟ್ಟು ಪುಸ್ತಕದ ಲೆಕ್ಕ ಹಿಡಿಯಬೇಕು. ಬೋರ್ಡು ಒರೆಸುವ ಮುಂಚೆ ಫೋಟೊ ತೆಗೆದು ಗುಂಪಿಗೆ ಹಾಕಿ, ಜೊತೆಗೆ ಎರಡು ನಿಮಿಷದ ವಾಯ್ಸ್ ಮೆಸೇಜ್.

ಮಳೆ ಬಿಟ್ಟು ಆ ಮಕ್ಕಳು ಕ್ಲಾಸಿಗೆ ಬಂದ ದಿನ ಮೊದಲ ಹತ್ತು ನಿಮಿಷ ಹೊಸ ಪಾಠ ಬೇಡ. ಅವರ ನೋಟ್‌ಬುಕ್ ತೆರೆಸಿ, ಪಕ್ಕದ ಬೆಂಚಿನ ಗೆಳೆಯರು ತಮ್ಮದರ ಜೊತೆ ಹೋಲಿಸಿ ನೋಡಲಿ. ನನಗೆ ಪದೇ ಪದೇ ಸಿಗುವ ತಪ್ಪು ವರ್ಗಮೂಲದ ಚಿಹ್ನೆಯದು. ಅದರ ಮೇಲಿನ ಗೆರೆ ಎಲ್ಲಿಗೆ ಮುಗಿದಿದೆ ಅಂತ ಫೋಟೊದಲ್ಲಿ ಕಂಡಿರುವುದಿಲ್ಲ, ಮಕ್ಕಳು ಅರ್ಧಕ್ಕೇ ನಿಲ್ಲಿಸಿರುತ್ತಾರೆ. ಈಗ ಆ ಗೆರೆಯೊಂದನ್ನು ನಾನು ಹಳದಿ ಚಾಕ್‌ಪೀಸಿನಲ್ಲಿ ಎಳೆಯುತ್ತೇನೆ, ಎಳೆಯುವಾಗ 'ಗೆರೆ ಕೊನೇ ತನಕ' ಅಂತ ಬಾಯಿಬಿಟ್ಟು ಹೇಳುತ್ತೇನೆ.